ಕೆರಿಯಪ್ಪ ಪ್ರಾಮಾಣಿಕನಾದ ಭಾನುವಾರ

ಬೈಕಿನಿಂದ ಬಿದ್ದ ನಾಲ್ಕನೆಯ ದಿನ ಕೆರಿಯಪ್ಪ ಇಸ್ಪೀಟಾಡಲು ಬಂದ. ತಲೆಯ ಹಿಂದೆ ನಿಂಬೆಗಾತ್ರದ ಬಾವು ಬಿಟ್ಟರೆ ಗಾಯವಿರಲಿಲ್ಲ. ಹನ್ನೊಂದು ವರ್ಷಗಳಿಂದ ನಾಗಪ್ಪ ಅವನ ಜೋಡಿ. ಎದುರು ವಿಘ್ನೇಶ್ವರ ಹೆಗಡೆ ಮತ್ತು ಅವರ ತಮ್ಮ. ಹನ್ನೊಂದು ವರ್ಷಗಳಿಂದ ಸೋಲುವವರೂ ಅವರೇ.

ಎರಡನೆಯ ಆಟದಲ್ಲಿ ಕೆರಿಯಪ್ಪ ಎಲೆಗಳನ್ನು ಕೆಳಗಿಟ್ಟ.

“ಹೆಗಡೇರೇ, ಒಂದೆಲೆ ಬಚ್ಚಿಟ್ಟಿದ್ದೆ. ತಪ್ಪಾಯ್ತು. ಆಟ ನಿಮ್ದೇ.”

“ಬಿದ್ದಿದ್ದಕ್ಕೆ ಬುದ್ಧಿ ಬಂತನಾ?” ಹೆಗಡೇರು ನಕ್ಕರು.

ನಾಗಪ್ಪ ನಗಲಿಲ್ಲ. ಹೋದ ತಿಂಗಳು ಊರಿನ ಆರೋಗ್ಯ ಸಭೆಯಲ್ಲಿ ಆಶಾ ಕಾರ್ಯಕರ್ತೆ ದಿವ್ಯಾ ತಲೆಪೆಟ್ಟಿನ ಬಗ್ಗೆ ಮಾತಾಡಿದ್ದಳು. ಅಲ್ಲಿ ಕೊಡುವ ಅವಲಕ್ಕಿಗೆಂದು ಹೋಗಿದ್ದ ನಾಗಪ್ಪನ ಕಿವಿಗೂ ಒಂದು ಮಾತು ಬಿದ್ದಿತ್ತು: ಸ್ವಭಾವ ಬದಲಾದರೆ ತಡ ಮಾಡಬೇಡಿ.

ನಾಗಪ್ಪನ ಒತ್ತಾಯಕ್ಕೆ ಹೆಗಡೇರ ಕಾರಿನಲ್ಲೇ ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಹೋದರು. ಕೆರಿಯಪ್ಪನ ಹೆಂಡತಿ ದುರ್ಗಮ್ಮನೂ ಬಂದಳು. ಅಲ್ಲಿ ಸ್ಕ್ಯಾನ್ ಯಂತ್ರ ಬಂದು ಎರಡು ವರ್ಷವಾಗಿತ್ತು, ನಡೆಸುವವರು ಬಂದಿರಲಿಲ್ಲ.

“ವಾಂತಿ? ಫಿಟ್ಸ್?” ಡಾಕ್ಟರ್ ಅಭಿಜ್ಞಾ ಕೇಳಿದರು.

“ಇಲ್ಲ ಮೇಡಂ. ಪ್ರಾಮಾಣಿಕ ಆಗಿದಾನೆ,” ಎಂದ ನಾಗಪ್ಪ.

“ಅದು ಕಾಯಿಲೆ ಅಲ್ಲಪ್ಪ. ಹುಬ್ಬಳ್ಳಿ ನೂರು ಕಿಲೋಮೀಟರು. ಎರಡು ದಿನ ನೋಡೋಣ.”

ನಾಗಪ್ಪ ಹೆಗಡೇರ ಕಡೆ ನೋಡಿದ. ಹೇಳದೆ ಬೇರೆ ದಾರಿಯಿರಲಿಲ್ಲ.

“ಒಂದು ದಿನದ ಮಾತಲ್ಲ ಮೇಡಂ. ಹನ್ನೊಂದು ವರ್ಷದಿಂದ ನಾವಿಬ್ರೂ ಮೋಸ ಮಾಡ್ತಿದ್ದೇವೆ. ಕಿವಿ ಕೆರೆದ್ರೆ ಗುಲಾಮ. ಕೆಮ್ಮಿದ್ರೆ ಒಂಬತ್ತು. ಒಂದಿನಾನೂ ಇವ ಬಾಯಿ ಬಿಟ್ಟಿಲ್ಲ.”

ಹೆಗಡೇರ ಕೈಯಲ್ಲಿದ್ದ ಕಾರಿನ ಕೀಲಿ ಅಲ್ಲಾಡುವುದು ನಿಂತಿತು.

“ನಿಜ,” ಎಂದ ಕೆರಿಯಪ್ಪ. “ಪಾಪ ಹೆಗಡೇರು.” ಆಮೇಲೆ ಗೊಳೋ ಎಂದು ಅತ್ತ.

“ನಾಲ್ಕು ದಿನದಿಂದ ಅಡಿಗೆ ಚೆನ್ನಾಗಿದೆ ಅಂತಿದ್ರು,” ಎಂದಳು ದುರ್ಗಮ್ಮ. “ನಂಗೆ ಖುಷಿಯಾಗಿತ್ತು.”

ಡಾಕ್ಟರು ಇನ್ನೇನೂ ಕೇಳದೆ ಹುಬ್ಬಳ್ಳಿಗೆ ಚೀಟಿ ಬರೆದರು. ಆಂಬುಲೆನ್ಸ್ ಯಾವುದೋ ಹೆರಿಗೆಗೆ ಹೋಗಿತ್ತು. ನೂರು ಕಿಲೋಮೀಟರೂ ಹೆಗಡೇರೇ ಕಾರು ಓಡಿಸಿದರು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅಂದೇ ಸಂಜೆ ತೆಗೆದರು. ಇನ್ನೆರಡು ದಿನ ಕಾದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು.

ಮರುದಿನ ಬೆಳಿಗ್ಗೆ ಹೆಗಡೇರು ದುರ್ಗಮ್ಮನಿಗೆ ಇಡ್ಲಿ ತಂದುಕೊಟ್ಟರು. ನಾಗಪ್ಪ ಕಾರಿನ ಬಾಗಿಲಿಗೆ ಕೈ ಹಾಕಿದ.

“ನೀನು ಬಸ್ಸಿಗೆ ಬಾ,” ಎಂದರು ಹೆಗಡೇರು.

“ಅವನನ್ನ ಬಿಡುಗಡೆ ಮಾಡಿದಾಗ?”

“ಅವನನ್ನ ನಾನೇ ಕರ್ಕೊಂಡ್ ಬರ್ತೆ. ಅವ ಪೇಷಂಟು. ನಿಂಗೆಂತ ಆಗಿದೆ?”

ನಾಗಪ್ಪನಿಗೆ ಶಿರಸಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ತಡಸ ದಾಟುವವರೆಗೂ ಕಂಬಿ ಹಿಡಿದು ನಿಂತೇ ಇದ್ದ, ನಗುತ್ತ.