ಒಟ್ಟಿಗೆ ಆನ್ ಆಗಬಾರದ ಸ್ವಿಚ್ಚುಗಳು

ಇನ್ವರ್ಟರ್ ರಿಪೇರಿಯಲ್ಲೇ ತಲೆ ನರೆತವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ನೇಮ: ಇನ್ವರ್ಟರಿನೊಳಗಿನ ಮೇಲಿನ ಸ್ವಿಚ್ಚು, ಕೆಳಗಿನ ಸ್ವಿಚ್ಚು ಒಟ್ಟಿಗೆ ಆನ್ ಆಗಬಾರದು. ಆದವೋ, ಢಮಾರ್! ಒಮ್ಮೆ ಹಾಗಾಗಿಯೇ ಅವನ ಎಡ ಹುಬ್ಬು ಸುಟ್ಟುಹೋಗಿ, ಮತ್ತೆ ಬೆಳೆಯಲೇ ಇಲ್ಲ. ಹಾಲಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಇವನು ನೀರನ್ನೂ ಊದುವ ಪೈಕಿ.

ಅಂಥವನ ಮಗಳು ಬೇಕೆಂತಲೇ ಎರಡನ್ನೂ ಒಟ್ಟಿಗೆ ಆನ್ ಮಾಡುವ ಸೋಲಾರ್ ಇನ್ವರ್ಟರ್ ಕಟ್ಟಿದ್ದಳು. ಪ್ಯಾನೆಲ್ಲಿಗೂ ಸ್ವಿಚ್ಚುಗಳಿಗೂ ನಡುವೆ ಎರಡು ಕಾಯಿಲ್, ಎರಡು ಕೆಪಾಸಿಟರ್ ಅಡ್ಡಡ್ಡ ಜೋಡಿಸಿದ್ದಳು.

"ಅಪ್ಪಾ, ಎರಡೂ ಒಟ್ಟಿಗೆ ಆನ್ ಇರೋದು ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು. ಆ ಏಟನ್ನ ಕಾಯಿಲ್ ತಡ್ಕೊಂಡು, ಶಕ್ತಿ ಕೂಡಿಟ್ಟು, ವೋಲ್ಟೇಜ್ ಎತ್ತಿಕೊಡುತ್ತೆ. ಬಿಸಿಲು ಇಳಿದ್ರೂ ಮಿಷನ್ ಓಡುತ್ತೆ."

"ಆಗ್ಲಮ್ಮ," ಎಂದ. ಒಪ್ಪಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಎರಡೂ ಒಟ್ಟಿಗೆ ಆನ್ ಆಗದಂತೆ ಒಂದು ಪುಟ್ಟ ಬೋರ್ಡನ್ನು ಗುಟ್ಟಾಗಿ ಬೆಸೆದುಬಿಟ್ಟ.

ಅಂದೇ ಊರಿನ ಕ್ಲಿನಿಕ್ಕಿನಲ್ಲಿ ಮಗಳ ಇನ್ವರ್ಟರಿನ ಪರೀಕ್ಷೆ. ಲಸಿಕೆಯ ಫ್ರಿಜ್ಜಿನಲ್ಲಿ ಸದ್ಯಕ್ಕೆ ಲಸಿಕೆಯ ಬದಲು ನೀರಿನ ಬಾಟಲಿ ತುಂಬಿಟ್ಟು, ಸಂಜೆಯವರೆಗೆ ಓಡಿದರೆ ಇನ್ವರ್ಟರ್ ಇಟ್ಟುಕೊಳ್ಳುತ್ತೇನೆ ಎಂದಿದ್ದರು ಡಾಕ್ಟರಮ್ಮ. ಪ್ಯಾನೆಲ್ ಹಾಕಲು ಬೇರೆ ಯಾರೂ ಮಗಳಿಗೆ ಮಾಳಿಗೆ ಮೆಟ್ಟಿಲನ್ನೂ ತೋರಿಸಿರಲಿಲ್ಲ.

ಮಧ್ಯಾಹ್ನವೆಲ್ಲ ಫ್ರಿಜ್ಜು ಸೊಗಸಾಗಿ ಓಡಿತು. ಬಿಸಿಲು ಎದುರುಮನೆಯ ಗೋಡೆ ಇಳಿಯುತ್ತಿದ್ದಂತೆ ಒಮ್ಮೆ ಕೆಮ್ಮಿ ನಿಂತೇಹೋಯಿತು. ಡಾಕ್ಟರಮ್ಮ ಗಡಿಯಾರ ನೋಡಿದರು.

"ನನ್ನದೇ ಎಲ್ಲೋ ಲೆಕ್ಕ ತಪ್ಪಿದೆ," ಎಂದಳು ಮಗಳು. ದನಿ ಇಳಿದಿತ್ತು.

ಯಾಕೆ ನಿಂತಿತೆಂದು ಅಪ್ಪನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಇವಳು ಈ ಹುಚ್ಚು ಬಿಡುತ್ತಾಳೆ, ಇವಳ ಹುಬ್ಬಾದರೂ ಉಳಿಯುತ್ತದೆ. ಆದರೆ ಆ ಮುಖ ನೋಡಲಾಗಲಿಲ್ಲ.

"ತಪ್ಪು ನಿಂದಲ್ಲ ಕಣಮ್ಮ. ಎರಡೂ ಒಟ್ಟಿಗೆ ಆನ್ ಆಗದ ಹಾಗೆ ಬೆಳಿಗ್ಗೆ ನಾನೇ ಒಂದು ಬೋರ್ಡ್ ಹಾಕ್ಬಿಟ್ಟೆ. ಹೆದರಿಕೆ ಆಯ್ತು."

ಮಗಳು ದುರುಗುಟ್ಟಿ ನೋಡಿದಳು. ಬೈಯಲು ಬಾಯಿ ತೆರೆದವಳ ಕಣ್ಣು ಅವನ ಬೋಳು ಹುಬ್ಬಿನ ಮೇಲೆ ಬಿತ್ತು. "ಹಾಕಿದೋನೇ ತೆಗಿ," ಎಂದಳು.

"ತೆಗೀರಿ, ಇನ್ನೂ ಬಿಸಿಲಿದೆ," ಎಂದು ಡಾಕ್ಟರಮ್ಮ ಕುರ್ಚಿ ಎಳೆದು ಕೂತರು.

ಎಲ್ಲ ಆರಿಸಿ, ಕೆಪಾಸಿಟರ್ ಬರಿದಾಗುವವರೆಗೆ ಕಾದು, ಅವನು ಬೋರ್ಡ್ ಕಿತ್ತ.

"ದೂರ ನಿಲ್ಲಪ್ಪ, ಹಾಕ್ತೀನಿ."

ಅವನು ದೂರ ಹೋಗಲಿಲ್ಲ. ಇನ್ವರ್ಟರಿಗೂ ಮಗಳಿಗೂ ನಡುವೆ ಬಂದು ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ತಾನೇ ಮೇನ್ ಸ್ವಿಚ್ಚು ಒತ್ತಿದ.

ಢಮಾರ್ ಎನ್ನಲಿಲ್ಲ. ಇಳಿಬಿಸಿಲಿನಲ್ಲಿ ಫ್ರಿಜ್ಜು ಗುಂಯ್ ಎಂದು ಓಡತೊಡಗಿತು.

ಅವನು ಮಾತ್ರ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಗಳು ಅವನ ಬಲ ಹುಬ್ಬನ್ನು ಬೆರಳಿನಿಂದ ಸವರಿದಳು.

"ಇದೆ ಅಪ್ಪಾ, ಇದೆ."