ಗವಾಕ್ಷಿಯ ಹಗ್ಗ

ಗಾದೆಪ್ಪ ಹಿತ್ತಲ ಬಾಗಿಲಿನಿಂದ ಎಮ್ಮೆ ಹಿಡಿದುಕೊಂಡು ಹೊರಬಂದದ್ದನ್ನು ಕಂಡು ಅಂಗಳದಲ್ಲಿದ್ದ ಜಂಬಮ್ಮ ಅವನ ದಾರಿಗೆ ಅಡ್ಡ ಬಂದಳು. ಮೇಲೆ ಮಾಳಿಗೆಯ ಅಂಚಿನಲ್ಲಿ ಅವಳ ಗಂಡ ಎರ್ರಣ್ಣ ಬೋರಲು ಮಲಗಿ, ಅರ್ಧ ಮೈ ಗೋಡೆಯಾಚೆ ಚಾಚಿ, ಮಳೆನೀರು ಇಳಿಯುವ ಹರನಾಳಿಗೆಯೊಳಗೆ ಕೋಲು ತಿವಿಯುತ್ತಿದ್ದ. ನಾಲ್ಕರಲ್ಲಿ ಅದು ಮೂರನೆಯದು. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಮಾಳಿಗೆಯ ನಡುವಿನ ಗವಾಕ್ಷಿಯಲ್ಲಿ ಇಳಿದು ಮನೆಯೊಳಗೆ ಹೋಗಿತ್ತು. ಒಳಗೆ ಅದರ ತುದಿ ಹಿಡಿದು ಕೂತಿರಬೇಕಾದವನು ಇದೇ ಗಾದೆಪ್ಪ, ಈ ಸಾವುಕಾರನ ಮನೆಯ ಆಳು.

"ಗಾದೆಪ್ಪಾ, ಹಗ್ಗ ಯಾರ ಕೈಯಾಗ ಐತೋ?"

"ಕಂಬಕ್ಕ ಎರಡು ಸುತ್ತು ಸುತ್ತಿ ಗಂಟು ಹಾಕೀನವ್ವಾ. ದೊಡ್ಡವ್ವಾರು ಎಮ್ಮಿ ನೀರಿಗೆ ಹೊಡಕಂಡು ಹೋಗು ಅಂದ್ರು. ಈಗ ಬಂದ್ಬಿಡ್ತೀನಿ."

ಹೋದ ವರ್ಷವೂ ಅವನು ಹೀಗೇ ಹೇಳಿದ್ದ. ಕಂಬಕ್ಕೆ ಕಟ್ಟಿದ್ದೆ, ನನ್ನ ಮಕ್ಕಳಾಣೆ ಕಟ್ಟಿದ್ದೆ ಎಂದು ಊರ ಮುಂದೆ ಅತ್ತಿದ್ದ. ಆದರೆ ಜಂಬಮ್ಮನ ಭಾವ, ಎರ್ರಣ್ಣನ ಅಣ್ಣ ಉಚ್ಚೆಂಗೆಪ್ಪ ಈ ಮಾಳಿಗೆಯಿಂದಲೇ ಕೆಳಗೆ ಬಿದ್ದಿದ್ದ, ಹಗ್ಗವೂ ಪೂರ್ತಿಯಾಗಿ ಅವನ ಹಿಂದೆಯೇ ಬಂದು ಬಿದ್ದಿತ್ತು. ಬಳ್ಳಾರಿಯ ದವಾಖಾನೆಗೆ ಬಂಡಿಯಲ್ಲಿ ಹಾಕಿಕೊಂಡು ಹೋದರು. ಬೆನ್ನು ಮುರಿದವನು ಎಂಟು ದಿನ ಬದುಕಿದ್ದ. ಎಂಟೂ ದಿನ ಒಂದೇ ಮಾತು ಕೇಳಿದ: "ಹಗ್ಗ ಯಾರು ಬಿಟ್ರು?" ಅಂದಿನಿಂದ ಜಂಬಮ್ಮ ಗಾದೆಪ್ಪನಿಗೆ ಶಾಪ ಹಾಕದ ದಿನವಿರಲಿಲ್ಲ. ಅವನ ಮನೆಯ ಮುಂದೆ ಹಾಯ್ದರೆ ಉಗುಳಿಯೇ ಹಾಯುತ್ತಿದ್ದಳು.

ಮೃಗಶಿರಾ ಮಳೆ ಹೊಸ್ತಿಲಲ್ಲಿತ್ತು. ಕುರುಗೋಡಿನ ಮಣ್ಣಿನ ಮಾಳಿಗೆಗಳ ಮೇಲೆ ಸೋರದಂತೆ ಹೊಸದಾಗಿ ಸವುಳು ಮಣ್ಣು ಹರಡಬೇಕು, ಹರನಾಳಿಗೆಗಳಲ್ಲಿ ಕೂತ ಹಳೆ ಮಣ್ಣು, ಬೇವಿನೆಲೆ, ಪಾರಿವಾಳದ ಗೂಡು ಎಲ್ಲ ತೆಗೆಯಬೇಕು. ಒಂದು ಕಟ್ಟಿಕೊಂಡರೂ ನೀರು ಮೇಲೇ ನಿಂತು ತೊಲೆಯೇ ಕೂರುತ್ತದೆ. ಅಂಚಿನ ಗೋಡೆ ಬರೀ ಮಣ್ಣು, ಅದನ್ನು ನಂಬಿ ಕೈ ಊರುವಂತಿಲ್ಲ. ಅದಕ್ಕೇ ಇವರಲ್ಲಿ ಒಂದು ಪದ್ಧತಿ. ಹಗ್ಗವನ್ನು ಗವಾಕ್ಷಿಯಿಂದ ಇಳಿಸಿ, ನಡುಮನೆಯ ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಹೆಂಡತಿಯ ಕೈಗೆ ಕೊಡುವುದು. ಮೇಲಿನವನು ಸರಿದರೆ ಅವಳು ಸಡಿಲ ಬಿಡಬೇಕು, ನಿಂತರೆ ಬಿಗಿ ಹಿಡಿಯಬೇಕು. ಗಂಟಿಗೆ ಅದು ತಿಳಿಯುವುದಿಲ್ಲ, ಕೈಗೆ ತಿಳಿಯುತ್ತದೆ. ಗಾಣಿಗರ ಮನೆಯಲ್ಲಿ, ಸಾಬರ ಮನೆಯಲ್ಲಿ, ಪೋಸ್ಟ್ ಮಾಸ್ತರರ ಮನೆಯಲ್ಲಿ ಜಂಬಮ್ಮ ಹಾಗೆ ಕೂತು ಹಗ್ಗ ಹಿಡಿದವಳೇ.

ಸಾವುಕಾರ ಚಿದಾನಂದಪ್ಪನ ಮನೆಯಲ್ಲಿ ಮಾತ್ರ ಅವಳು ಹೊಸ್ತಿಲು ದಾಟುವಂತಿಲ್ಲ. ಈ ಮನೆಯ ಅಂಗಳ ಗುಡಿಸಲು ಅವಳ ಕೈ ಆಗುತ್ತದೆ, ಇವರ ಮಾಳಿಗೆಗೆ ಮಣ್ಣು ಹೊರಲು ಅವಳ ನೆತ್ತಿ ಆಗುತ್ತದೆ. ಒಳಗೆ ಕೂರಲು ಮಾತ್ರ ಅವಳು ಆಗುವುದಿಲ್ಲ! ಸ್ವರಾಜ್ಯ ಬಂದು ನಾಲ್ಕು ವರ್ಷವಾಗಿತ್ತು. ಸಿರುಗುಪ್ಪದ ಸಭೆಯಲ್ಲಿ ಇದೇ ಸಾವುಕಾರ ಖಾದಿ ಟೊಪ್ಪಿಗೆ ಹಾಕಿಕೊಂಡು, ಇನ್ನು ಮೇಲೆ ಎಲ್ಲರೂ ಒಂದೇ ಎಂದು ಭಾಷಣ ಮಾಡಿದ್ದ. ಹಿಂದೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಎರ್ರಣ್ಣನೂ ಒಬ್ಬ.

ಈ ಮನೆಗೆ ಮತ್ತೆ ಹೋಗುವುದು ಬೇಡವೆಂದು ಜಂಬಮ್ಮ ಎರಡು ದಿನ ಜಗಳ ತೆಗೆದಿದ್ದಳು. "ಸವುಳು ಮಣ್ಣಿನ ಕುಣಿ ಇರೋದು ಅವರ ಹೊಲದಾಗ. ಮಣ್ಣು ಬ್ಯಾಡ ಅಂದ್ರ ಊರಾಗ ಒಂದು ಮಾಳಿಗಿ ಕೆಲಸನೂ ಇರಂಗಿಲ್ಲ. ಸುಮ್ಮನ ಬಾ," ಎಂದಿದ್ದ ಎರ್ರಣ್ಣ. ಅವಳು ಬಂದಿದ್ದಳು, ಸುಮ್ಮನೆ ಅಂಗಳದಲ್ಲಿ ನಿಂತಿದ್ದಳು.

ಈಗ ಮೇಲೆ ನೋಡಿದಳು. ಕೂಗಿದರೆ ಅವನು ತಟ್ಟನೆ ತಿರುಗಿಯಾನು, ತಿರುಗಿದರೆ ಜಾರಿಯಾನು. ಕೂಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆರೆದಿದ್ದ ಹಿತ್ತಲ ಬಾಗಿಲಿನಲ್ಲಿ ಒಳಗೆ ನುಗ್ಗಿಬಿಟ್ಟಳು.

ಒಳಗೆಲ್ಲ ಕತ್ತಲೆ, ಗವಾಕ್ಷಿಯ ಕೆಳಗೆ ಮಾತ್ರ ಚೌಕಾಕಾರದ ಬೆಳಕು. ಕಂಬದ ಬುಡದಲ್ಲಿ ಸಾಲಾಗಿ ಹಿತ್ತಾಳೆ ಕೊಡಗಳು. ಕಂಬದಲ್ಲಿ ಹಗ್ಗವಿರಲಿಲ್ಲ. ಅದರ ತುದಿ ನೆಲದ ಮೇಲಿತ್ತು, ಅವಳು ನೋಡುತ್ತಿದ್ದಂತೆ ಒಂದು ಗೇಣು ಮೇಲಕ್ಕೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಸಾವುಕಾರನ ತಾಯಿ, ದೊಡ್ಡವ್ವ ಸುವರ್ಣಮ್ಮ ಮಡಿಸೀರೆಯಲ್ಲಿ, ಮಡಿಬಟ್ಟೆ ಒಣಹಾಕುವ ಕೋಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಜಂಬಮ್ಮ ಹಾರಿ ಹಗ್ಗದ ತುದಿ ಹಿಡಿದಳು. ಕಂಬಕ್ಕೆ ಸುತ್ತು ಹಾಕಿ, ನೆಲಕ್ಕೆ ಕುಕ್ಕರಿಸಿ, ಎರಡೂ ಅಂಗಾಲನ್ನು ಕಂಬದ ಕಲ್ಲಿಗೆ ಒತ್ತಿ ಕೂತಳು. ಕೈಗೆ ಗಂಡನ ಭಾರ ತಿಳಿದ ಮೇಲೆ ಉಸಿರು ಬಂತು.

"ಅಯ್ಯಯ್ಯೋ, ಒಳಗ ಬಂದ್ಲಪಾ! ಚಿದಾನಂದಾ, ಬಾರೋ ಇಲ್ಲಿ! ನೀರೆಲ್ಲ ಹೋತು!" ಎಂದು ಮುದುಕಿ ಕಿರುಚಿದಳು.

ಪಡಸಾಲೆಯಿಂದ ಚಿದಾನಂದಪ್ಪ ಓಡಿಬಂದ. "ಏಯ್ ಜಂಬಿ! ಯಾರನ್ನ ಕೇಳಿ ಒಳಗ ಬಂದಿ? ಬಿಡು ಹಗ್ಗ, ಹೊರಗ ನಡಿ!"

"ಬಿಟ್ರ ನನ್ನ ಗಂಡ ಬೀಳ್ತಾನ್ರಿ. ಬಿಡ್ಲ್ಯಾ?"

"ಗಾದೆಪ್ಪ ಕಟ್ಟಿದ್ನಲ್ಲ!"

"ಕಟ್ಟಿದ್ದ. ಬಿಚ್ಚಿದೋರು ಯಾರು ಅಂತ ನಿಮ್ಮವ್ವನ್ನ ಕೇಳ್ರಿ."

ಸುವರ್ಣಮ್ಮನ ಮುಖದಲ್ಲಿ ಅಳುಕು ಎಂಬುದೇ ಇರಲಿಲ್ಲ. "ಹಗ್ಗದ ತುದಿ ಕೊಡಕ್ಕ ತಾಕಿತ್ತು. ಪೂಜಿ ನೀರು ಅದು. ಜಾರುಗಂಟು ಇತ್ತು, ಕೋಲಿಲೆ ಎಳದು ಆಕಡಿ ಸರಿಸಿದೆ. ಅಷ್ಟ."

ಜಂಬಮ್ಮ ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿದಳು. "ಹೋದ ವರ್ಸ?"

"ಹೋದ ವರ್ಸನೂ ತಾಕಿತ್ತು," ಎಂದಳು ಮುದುಕಿ. "ಮಡಿ ನೀರು. ನಾ ಏನ್ ಮಾಡ್ಬೇಕಿತ್ತು?"

ಜಂಬಮ್ಮನ ಮೈಯೆಲ್ಲ ಉರಿಯಿತು. ಒಂದು ವರ್ಷ! ಒಂದು ವರ್ಷ ಆ ಬಡಪಾಯಿ ಗಾದೆಪ್ಪನ ಬಾಗಿಲಿಗೆ ಉಗುಳಿದ್ದಳು. ಇತ್ತ ಈ ಮುದುಕಿ ದಿನಾ ಮಿಂದು, ದಿನಾ ಪೂಜೆ ಮಾಡಿ, ಹೊಟ್ಟೆ ತುಂಬ ಉಂಡು ತಣ್ಣಗೆ ಕೂತಿದ್ದಳು. ಭಾವ ಎಂಟು ದಿನ ಕೇಳಿದ ಮಾತಿಗೆ ಉತ್ತರ ಇಷ್ಟೇ, ಒಂದು ಕೊಡ ನೀರು. ಆ ಕೋಲು ಕಿತ್ತು ಕೊಡಗಳನ್ನೆಲ್ಲ ಜಜ್ಜಿಬಿಡಬೇಕು ಎನ್ನಿಸಿತು. ಆದರೆ ಎರಡೂ ಕೈಯಲ್ಲಿ ಹಗ್ಗವಿತ್ತು.

"ಹೆಣ ಬಿತ್ತಲ್ರೀ ಯವ್ವಾ ನಿಮ್ಮ ಅಂಗಳದಾಗ! ನೀರು ಚೆಲ್ಲಿದ್ರ ಮತ್ತ ಸೇದಬೌದಿತ್ತು. ನಮ್ಮ ಭಾವನ್ನ ಯಾವ ಬಾವ್ಯಾಗ ಸೇದಿ ಕೊಡ್ತೀರಿ?"

ಚಿದಾನಂದಪ್ಪ ತಾಯಿಯ ಕಡೆ ನೋಡಲಿಲ್ಲ. ಅವನಿಗೂ ಇದು ಗೊತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೆ ಗೊತ್ತಾದ ಮೇಲೆ ಅವನು ಎಷ್ಟು ಹೊತ್ತು ನೊಂದ ಎನ್ನುತ್ತೀರಿ? ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಳ್ಳುವಷ್ಟು ಹೊತ್ತು.

"ಆಗಿದ್ದು ಆತು. ವಯಸ್ಸಾದ ಜೀವ, ತಿಳೀಲಿಲ್ಲ," ಎಂದ. "ಗುಡ್ಡದ ಕಡಿ ಮೋಡ ಕಟ್ಟೈತಿ. ಇನ್ನೊಂದು ಹರನಾಳಿಗಿ ಉಳದೈತಿ, ಅದೂ ದೇವರ ಕ್ವಾಣಿ ಮ್ಯಾಲಿಂದು. ಗಾದೆಪ್ಪನ್ನ ಕರಸ್ತೀನಿ, ಅವನ ಕೈಯಾಗ ಕೊಟ್ಟು ನೀ ಹೊರಗ ಹೋಗು. ಈ ಮಾತು ಕೇರಿಗೆ ಹೋತು ಅಂದ್ರ ನೋಡು, ಒಂದು ಪುಟ್ಟಿ ಮಣ್ಣು ಮುಟ್ಟಗೊಡಂಗಿಲ್ಲ."

ಅಷ್ಟರಲ್ಲಿ ನೆಲದ ಮೇಲಿನ ಬೆಳಕು ಮಂಕಾಯಿತು. ಗವಾಕ್ಷಿಯಲ್ಲಿ ಎರ್ರಣ್ಣನ ತಲೆ ಕಂಡಿತು. ಎಷ್ಟು ಹೊತ್ತಿನಿಂದ ಅಲ್ಲಿ ಕೂತಿದ್ದನೋ, ಏನೇನು ಕೇಳಿದ್ದನೋ. ಮುಖ ಕಾಣುತ್ತಿರಲಿಲ್ಲ.

"ಜಂಬೀ," ಎಂದ. "ಹಗ್ಗ ಬಿಡು."

ಅವಳ ಸಿಟ್ಟೆಲ್ಲ ಈಗ ಅವನ ಮೇಲೆ ತಿರುಗಿತು. ತಪ್ಪಾತ್ರಿ ಧಣಿ ಎನ್ನುವುದು ಆ ನಾಲಿಗೆಗೆ ಹುಟ್ಟಿನಿಂದ ಅಂಟಿದ್ದು. ಇನ್ನೇನು ಬಂತು ಆ ಮಾತು! "ಬಿಡಂಗಿಲ್ಲ! ಧಣ್ಯಾರ ಮಣ್ಣು ನಿನಗ ಜೀವಕ್ಕಿಂತ ಹೆಚ್ಚಾತೇನು? ಒಡಹುಟ್ಟಿದಣ್ಣ ಹ್ಯಾಂಗ ಸತ್ತ ಅಂತ ಕೇಳಿದಿಲ್ಲ?"

"ಕೇಳೀನಿ. ನಾ ಅಂಚಿನ್ಯಾಗ ಇಲ್ಲ, ಇಲ್ಲೇ ಕುಂತೀನಿ. ಬಿಡು."

ಅವನ ದನಿ ಅವಳಿಗೆ ಹೊಸದಾಗಿತ್ತು. ಬಿಟ್ಟಳು. ಎರ್ರಣ್ಣ ಮೇಲಿನಿಂದ ಹಗ್ಗ ಎಳೆದುಕೊಂಡ, ಅವಸರವಿಲ್ಲದೆ, ಮಾರು ಮಾರಾಗಿ. ಹಗ್ಗದ ತುದಿ ಕಂಬ ಬಿಟ್ಟು, ಕೊಡಗಳ ಬಾಯನ್ನು ಒಂದೊಂದಾಗಿ ಸವರಿಕೊಂಡು ಮೇಲೆ ಹೋಯಿತು. ಸುವರ್ಣಮ್ಮ ಕೋಲೆತ್ತಿದಳು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಹಾಗೇ ನಿಂತಳು.

"ಲೇ ಎರ್ರಾ, ಎಲ್ಲಿಗಿ ಹೊಂಟಿಯಲೇ? ನಾಕನೇದು ಐತಲ್ಲೋ!" ಎಂದು ಚಿದಾನಂದಪ್ಪ ಕತ್ತು ಮೇಲೆತ್ತಿ ಕೂಗಿದ.

"ಐತಿ. ನೀವ ಏರ್ರಿ," ಎಂದ ಎರ್ರಣ್ಣ. "ಹಗ್ಗ ನಿಮ್ಮವ್ವಾರು ಹಿಡೀತಾರ."

ತಲೆ ಸರಿಯಿತು. ಏಣಿ ಕಿರುಗುಟ್ಟಿದ ಸದ್ದು ಕೇಳಿತು. ಜಂಬಮ್ಮ ಎದ್ದು ಸೆರಗು ಕೊಡವಿ, ಹಿತ್ತಲಿಗೆ ಹೋಗದೆ, ಪಡಸಾಲೆ ಹಾಯ್ದು ಮುಂಬಾಗಿಲಿನಿಂದ ಹೊರನಡೆದಳು. ನಡುಮನೆಯಲ್ಲಿ ತಾಯಿ ಮಗ ಇಬ್ಬರೇ ಉಳಿದರು. ಗವಾಕ್ಷಿಯಿಂದ ಒಂದು ದಪ್ಪ ಹನಿ ಇಳಿದು ಅವರ ನಡುವೆ ನೆಲದ ಮೇಲೆ ಬಿತ್ತು, ಅದರ ಹಿಂದೆ ಇನ್ನೊಂದು. ಇಬ್ಬರೂ ಮೇಲೆ ನೋಡುತ್ತ ನಿಂತಿದ್ದರು.