ಫಣೀಂದ್ರಯ್ಯನವರ ಮೂರನೆಯ ಹೆಂಡತಿ

ನಾನೊಂದು ಬಿಳಿ ಎಕ್ಕದ ಗಿಡ. ಹಿರಿಯೂರಿನ ಹೊರಗಿನ ಕಲ್ಲುದಿಬ್ಬದಲ್ಲಿ ಕಾಯಿ ಒಡೆದಾಗ, ರೇಷ್ಮೆಯಂಥ ಕುಚ್ಚು ಹಿಡಿದು ಹಾರಿ, ಹೈಸ್ಕೂಲು ಗುಮಾಸ್ತ ಫಣೀಂದ್ರಯ್ಯನವರ ಹಿತ್ತಿಲಿಗೆ ಬಿದ್ದೆ. ಅವರ ಎರಡನೆಯ ಹೆಂಡತಿ ತುಂಗಮ್ಮ ನನ್ನನ್ನು ಕೀಳದೆ ಉಳಿಸಿಕೊಂಡಳು. ನೀರು ಹಾಕದಿದ್ದರೂ ಬದುಕುವ ಜಾತಿ ನನ್ನದು. ಆದರೂ ಅಕ್ಕಿ ತೊಳೆದ ನೀರು ದಿನಾ ನನ್ನ ಬುಡಕ್ಕೇ. ಶನಿವಾರ ಬಂತೆಂದರೆ ನನ್ನ ಹೂವು ಪೋಣಿಸಿ ಹನುಮಂತನಿಗೆ ಹಾರ.

ಒಂದು ಆಷಾಢದಲ್ಲಿ ಅವಳಿಗೆ ಹೊಟ್ಟೆಯ ಬಲಗಡೆ ನೋವು ಶುರುವಾಯಿತು.

"ಡಾಕ್ಟ್ರ ಹತ್ರ ಹೋಗೋಣ ಕಣ್ರೀ," ಅಂದಳು.

"ಇಷ್ಟಕ್ಕೆಲ್ಲ ಡಾಕ್ಟ್ರು ಯಾಕೆ? ಎಕ್ಕದೆಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಕೋ. ನಮ್ಮಮ್ಮ ಹಾಗೇ ಮಾಡ್ತಿದ್ರು," ಅಂದರು ಫಣೀಂದ್ರಯ್ಯ, ಪೇಪರಿನಿಂದ ತಲೆ ಎತ್ತದೆ.

ಮಂಡಿನೋವಿಗಾದರೆ ನನ್ನ ಎಲೆ ಆದೀತು. ಇದಕ್ಕೆ ನಾನೇನು ಮಾಡಲಿ? ನಾಲ್ಕು ದಿನ ಎಲೆ ಕಿತ್ತರು. ಐದನೆಯ ದಿನ ಅವಳನ್ನೇ ಎತ್ತಿಕೊಂಡು ಹೋದರು. ಹೊಟ್ಟೆಯೊಳಗೆ ಕೀವಾಗಿತ್ತು, ತಡವಾಯಿತು ಎಂದರಂತೆ ಡಾಕ್ಟರು. ಫಣೀಂದ್ರಯ್ಯ ಮಾತ್ರ ಜಾತಕದ ದೋಷ ಎಂದರು. ಮೊದಲನೆಯವಳು ಹೋದಾಗಲೂ ಹಾಗೇ ಅಂದಿದ್ದರಂತೆ.

ವರ್ಷ ತುಂಬುತ್ತಲೇ ಮತ್ತೆ ಮದುವೆಯ ಮಾತು. ಮೂರನೆಯ ಹೆಂಡತಿ ಬಾಳುವುದಿಲ್ಲ, ಮೊದಲು ಎಕ್ಕಕ್ಕೆ ತಾಳಿ ಕಟ್ಟಿಬಿಡಿ, ಬರುವವಳು ನಾಲ್ಕನೆಯವಳಾಗುತ್ತಾಳೆ ಎಂದರು ಪುರೋಹಿತರು. ಹೆಣ್ಣು ಹುಡುಕಲು ದೂರ ಹೋಗಬೇಕಾಗಲಿಲ್ಲ. ನನಗೆ ಸೀರೆ ಸುತ್ತಿದರು, ಬುಡಕ್ಕೆ ಅರಿಸಿನದ ದಾರ ಕಟ್ಟಿದರು. ಒಪ್ಪಿಗೆಯೇ ಎಂದು ನನ್ನನ್ನು ಕೇಳಿದವರು ಯಾರು? ಸಂಜೆ ದಾರದಿಂದ ಒಂದು ಗೇಣು ಮೇಲಕ್ಕೆ ಕಡಿದು ಹಾಕಿ, ದೋಷ ಕಳೆಯಿತೆಂದು ಕೈ ತೊಳೆದುಕೊಂಡರು.

ಕಡಿದರೆ ಸಾಯುವ ಗಿಡ ನಾನಲ್ಲ. ಬುಡದಿಂದ ಚಿಗುರಿ, ವರ್ಷದಲ್ಲಿ ಸೊಂಟದೆತ್ತರ ಬೆಳೆದೆ. ಹೊಸ ಹೆಂಡತಿ ಜಲಜ, ಇಪ್ಪತ್ತೆರಡರ ಹುಡುಗಿ, ಆ ದಾರ ಕಂಡು ನಕ್ಕುಬಿಟ್ಟಳು. ಅಂದಿನಿಂದ ನಾನು ಅವಳಿಗೆ ಅಕ್ಕ. ಅಕ್ಕಿ ತೊಳೆದ ನೀರು ಮತ್ತೆ ಬರತೊಡಗಿತು. ನನಗೆ ಎಷ್ಟು ಸಂತೋಷವಾಯಿತೋ!

ಇವತ್ತು ಬೆಳಿಗ್ಗೆ ಅವಳು ಹೊಟ್ಟೆಯ ಬಲಗಡೆ ಒತ್ತಿ ಹಿಡಿದುಕೊಂಡು ಹಿತ್ತಿಲಿಗೆ ಬಂದಳು. ಒಳಗಿನಿಂದ ಅದೇ ದನಿ ಕೇಳಿಸಿತು.

"ದೊಡ್ಡ ಎಲೆ ನೋಡಿ ಕಿತ್ಕೋ."

ಜಲಜ ನನ್ನ ಪಕ್ಕ ಕುಕ್ಕರಿಸಿದಳು. "ಅಕ್ಕಾ, ತಡ್ಯೋಕಾಗ್ತಿಲ್ಲ. ಎರಡೆಲೆ ಕಿತ್ಕೊಳ್ಲಾ?"

ಬೇಡ ಕಣೇ, ಆಸ್ಪತ್ರೆಗೆ ಓಡು ಎನ್ನಬೇಕಿತ್ತು ಅಕ್ಕನಾದವಳು. ಎಲೆ ಲಟಕ್ಕನೆ ಮುರಿಯಿತು. ಅವಳ ಬೆರಳ ಮೇಲೆಲ್ಲ ಹಾಲು ಸುರಿದೆ, ನನ್ನ ಕೈಲಾದದ್ದು ಅಷ್ಟೇ. ಅವಳು ಅದನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.